ಟಿಪ್ಪಣಿಯಲ್ಲಿದ್ದ ಬೈಗುಳ

ಧರ್ಮಸ್ಥಳದ ಲಾಡ್ಜುಗಳಿಗಾಗಿ ರೂಮ್ ಬುಕಿಂಗ್ ಸಾಫ್ಟ್‌ವೇರ್ ಒಂದನ್ನು ನಾವಿಬ್ಬರು ಬರೆಯುತ್ತಿದ್ದೆವು. ನಾನು ಬಂಟ್ವಾಳದಲ್ಲಿ, ಪಾಣೆಮಂಗಳೂರಿನ ನನ್ನ ಗೆಳೆಯ ಶಾರ್ಜಾದಲ್ಲಿ, ಅಂಗಡಿ ಕೆಲಸದ ನಡುವೆ. ಅವನು ಮೇಲ್ ಮಾಡಿದ ಕೋಡನ್ನು ರೆಪಾಸಿಟರಿಗೆ, ಅಂದರೆ ಹಳೆಯ ಸಾಲು ಹೊಸ ಸಾಲು ಎರಡೂ ಉಳಿಯುವ ಕೋಡಿನ ಕಣಜಕ್ಕೆ, ಸೇರಿಸಿ ತಿದ್ದುವುದು ನನ್ನ ಕೆಲಸ. ಪ್ರತಿ ತಿದ್ದುಪಡಿಗೂ ಒಂದು ಟಿಪ್ಪಣಿ ಬರೆಯಬೇಕು. ನನಗೋ ಮೂಗಿನ ತುದಿಯಲ್ಲೇ ಕೋಪ. 'ಈ ಕತ್ತೆಗೆ ತಾರೀಕು ಕೂಡಿಸಲಿಕ್ಕೂ ಬರುವುದಿಲ್ಲ' ಎಂದೆಲ್ಲ ಬರೆಯುತ್ತಿದ್ದೆ. ಓದುವವನು ನಾನೊಬ್ಬನೇ ತಾನೆ?

ಒಮ್ಮೆ ಅವನು, "ನನಗೂ ಎಲ್ಲ ಕಾಣುವ ಹಾಗೆ ಮಾಡು ಮಾರಾಯ" ಎಂದ. ಬಾಡಿಗೆಯ ಸರ್ವರಿನಲ್ಲಿ ಒಂದು ವೆಬ್ ಸ್ಕ್ರಿಪ್ಟ್ ಹಾಕಿ, ಇಡೀ ರೆಪಾಸಿಟರಿ ಬ್ರೌಸರಿನಲ್ಲಿ ತೆರೆಯುವಂತೆ ಮಾಡಲು ಎರಡು ದಿನ ಒದ್ದಾಡಿದೆ. ಕೊನೆಗೆ ಪುಟ ತೆರೆದ ಖುಷಿಯಲ್ಲಿ ವಿಳಾಸ ಕಳಿಸಿಬಿಟ್ಟೆ. ಆಮೇಲೆ ನೋಡಿದರೆ, ಸ್ಕ್ರಿಪ್ಟ್ ಮೊದಲು ತೋರಿಸುವುದೇ ನನ್ನ ಟಿಪ್ಪಣಿಗಳ ಪಟ್ಟಿ! ಒಂದೊಂದು ಬೈಗುಳದ ಕೆಳಗೂ ಅವನ ತಪ್ಪು ಸಾಲು, ಅದರ ಕೆಳಗೆ ನಾನು ತಿದ್ದಿದ ಸಾಲು.

ಅವನ ಫೋನ್ ಬಂತು. "ಇವತ್ತೇ ಎಲ್ಲ ತೆಗೀತೇನೆ" ಎಂದೆ, ಅವನು ಬಾಯಿ ತೆರೆಯುವ ಮೊದಲೇ.

"ತೆಗೀಬೇಡ" ಎಂದ. "ಇಲ್ಲಿ ಬೈಯುವವರು ಬೇಕಾದಷ್ಟು ಜನ ಉಂಟು ಮಾರಾಯ. ಬೈದು, ಆಮೇಲೆ ಕೂತು ತಿದ್ದಿ ಕೊಡುವವರು ಒಬ್ಬರೂ ಇಲ್ಲ."