ಆಪರೇಟರ್ ಕಾಲಂನಲ್ಲಿ ಅಪ್ಪನ ಹೆಸರು

ನಮ್ಮ ಮನೆಯಲ್ಲಿ ಯಾವ ಫಾರ್ಮ್ ತುಂಬಿದರೂ ಮೊದಲ ಸಾಲು ಅಪ್ಪನದು. ಹಾಗಂತ ಯಾರೂ ನಿಯಮ ಮಾಡಿದ್ದಲ್ಲ. ವೀಸಾ ಸಿಕ್ಕಿದ್ದು ಅಪ್ಪನಿಗೆ; ನಾನೂ ಅಮ್ಮನೂ ಅವನ ಹೆಸರಿಗೆ ಅಂಟಿಕೊಂಡು ಸ್ಯಾನ್ ಡಿಯೆಗೊಗೆ ಬಂದ ಡಿಪೆಂಡೆಂಟ್‌ಗಳು. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದಾಗ ಅವನು ಪ್ರೈಮರಿ, ಅಂದರೆ ಮುಖ್ಯ ಅರ್ಜಿದಾರ; ನಾವು ಅವನ ಕೆಳಗಿನ ಎರಡು ಸಾಲು. ಅದಕ್ಕಾಗಿ ಕಾದ ವರ್ಷಗಳಲ್ಲಿ ಅದೇ ಅಭ್ಯಾಸವಾಗಿ, ಕಾರಿನ ಇನ್ಶೂರೆನ್ಸ್, ಫೋನಿನ ಪ್ಲಾನ್, ಕೊನೆಗೆ ನನ್ನ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಕೂಡ ಅವನ ಹೆಸರಿನಲ್ಲೇ ಇರುತ್ತಿತ್ತು.

2023ರ ಬೇಸಿಗೆಯಲ್ಲಿ, ಯುರೋಪಿನಲ್ಲಿ ಡ್ರೋನ್ ಹಾರಿಸಲು ರಿಜಿಸ್ಟರ್ ಮಾಡುವಾಗ, ಆಪರೇಟರ್ ಎಂಬ ಕಾಲಂನಲ್ಲಿ ನಾನು ಅಪ್ಪನ ಹೆಸರು ಟೈಪ್ ಮಾಡಿದ್ದು ಈ ಅಭ್ಯಾಸದಿಂದಲೇ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ವಾದವೇನೋ ಚೆನ್ನಾಗಿದೆ. ಎದುರು ಪಕ್ಷದಲ್ಲಿ ನಾನೇ ಕೂತಿದ್ದರೆ ಎರಡು ನಿಮಿಷದಲ್ಲಿ ಅದನ್ನು ಒಡೆದು ಹಾಕುತ್ತಿದ್ದೆ.

ಹೈಸ್ಕೂಲಿನ ನಾಲ್ಕು ವರ್ಷ ನಾನು ಡಿಬೇಟ್ ಮಾಡಿದವಳು. ನಾಣ್ಯ ಚಿಮ್ಮಿ ಯಾವ ಪಕ್ಷ ಬಂದರೆ ಆ ಪಕ್ಷ. ಬೆಳಿಗ್ಗೆ ಸರ್ಕಾರ ಮಾಡಿದ್ದು ಸರಿ ಎಂದು ಗೆದ್ದು, ಮಧ್ಯಾಹ್ನ ಅದೇ ಸರ್ಕಾರ ಮಾಡಿದ್ದು ತಪ್ಪು ಎಂದು ಗೆಲ್ಲುತ್ತಿದ್ದೆ. ಶನಿವಾರಗಳಂದು ಅಪ್ಪ ಕಾರ್ಮೆಲ್ ವ್ಯಾಲಿಯ ನಮ್ಮ ಮನೆಯಿಂದ ಲಾಸ್ ಏಂಜಲೀಸ್ ಕಡೆಯ ಯಾವುದೋ ಶಾಲೆಗೆ ನನ್ನನ್ನು ಡ್ರೈವ್ ಮಾಡಿಕೊಂಡು ಹೋಗುತ್ತಿದ್ದ. ಸ್ಪರ್ಧೆಗೆ ಮಕ್ಕಳನ್ನು ಕಳಿಸುವ ಶಾಲೆ ತೀರ್ಪು ಕೊಡಲು ಕೆಲವು ತಂದೆತಾಯಿಗಳನ್ನೂ ಕಳಿಸಬೇಕಿತ್ತು. ಬೇರೆ ಅಪ್ಪಂದಿರು ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ತನ್ನ ಟೆಲಿಕಾಂ ಕಂಪನಿಯ ಟಿಪ್ಪಣಿ ಪುಸ್ತಕ ಹಿಡಿದು ಬೇರೆಯವರ ಮಕ್ಕಳ ವಾದವನ್ನು ಸಾಲು ಸಾಲಾಗಿ ಬರೆದುಕೊಂಡು ಕೂರುತ್ತಿದ್ದ. ವಾಪಸು ಬರುವಾಗ ಕಾರಿನಲ್ಲಿ, ಡಬ್ಬಿಯಲ್ಲಿ ಉಳಿದ ಚಪಾತಿ ತಿನ್ನುತ್ತ, ಒಂದೇ ಪ್ರಶ್ನೆ ಕೇಳುತ್ತಿದ್ದ:

"ಗೆದ್ದಿ, ಆತು. ನೀ ಹೇಳಿದ್ದು ಖರೇನ?"

ಹುಬ್ಬಳ್ಳಿಯವನು ಅಪ್ಪ. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಆ ಮಾತು ಕರಗಿಲ್ಲ. ನಾನು ಅಮ್ಮನ ಬೆಂಗಳೂರಿನ ಕನ್ನಡದಲ್ಲಿ, "ಅದು ಮುಖ್ಯ ಅಲ್ಲಪ್ಪ," ಎನ್ನುತ್ತಿದ್ದೆ.

ಅವನಿಗೆ ಇದ್ದದ್ದು ಒಂದೇ ಆಸೆ, ಮತ ಹಾಕುವುದು. ಇಪ್ಪತ್ತು ವರ್ಷ ತೆರಿಗೆ ಕಟ್ಟಿ, ಚುನಾವಣೆ ಬಂದಾಗೆಲ್ಲ ಮತಪತ್ರದ ವಿಷಯಗಳನ್ನು ಇಂಟರ್‌ನೆಟ್ಟಿನಲ್ಲಿ ಓದಿ, ಅಮ್ಮನೊಂದಿಗೆ ಚರ್ಚಿಸಿ, ಕೊನೆಗೆ ಆ ದಿನ ಏನೂ ಮಾಡದೆ ಆಫೀಸಿಗೆ ಹೋಗುತ್ತಿದ್ದ. ಆ ವರ್ಷದ ವಸಂತದಲ್ಲಿ ನಾವು ಮೂವರೂ ಪೌರತ್ವಕ್ಕೆ ಅಪ್ಲೈ ಮಾಡಿದೆವು. ಮುಂದಿನ ವರ್ಷದ ನವೆಂಬರಿನಲ್ಲಿ ದೊಡ್ಡ ಚುನಾವಣೆ. ಅಪ್ಪ ತಿಂಗಳು ಎಣಿಸಿ ಇಟ್ಟಿದ್ದ.

ಅದೇ ಬೇಸಿಗೆಯಲ್ಲಿ ಅವನಿಗೆ ಅರವತ್ತು ತುಂಬಿತು. ಅಮ್ಮ ಹೋಮ ಮಾಡಿಸೋಣ ಎಂದಳು. ಅಪ್ಪ, ಅಟ್ಲಾಂಟಿಕ್ ದಂಡೆಯ ಹಳೇ ಕೋಟೆಗಳನ್ನು ನೋಡೋಣ ಎಂದ. ಆಗ ನನಗೆ ಟೊರ್ರಿ ಪೈನ್ಸ್‌ನ ಒಂದು ಬಯೋಟೆಕ್ ಕಂಪನಿಯಲ್ಲಿ ಪರವಾನಗಿ ಅರ್ಜಿಗಳ ಕಾಗದಪತ್ರ ತಯಾರಿಸುವ ಕೆಲಸ. ಕೋಟೆಗಳನ್ನು ಮೇಲಿನಿಂದ ತೋರಿಸುತ್ತೇನೆಂದು ಅಂಗೈ ಗಾತ್ರದ ಡ್ರೋನ್ ಕೊಂಡೆ. ದುಡ್ಡು ನನ್ನದು, ಹಾರಿಸುವವಳೂ ನಾನೇ. ಅಪ್ಪನ ಬೆರಳಿಗೆ ರಿಮೋಟಿನ ಆ ಸಣ್ಣ ಕಡ್ಡಿಗಳು ಒಗ್ಗಲಿಲ್ಲ.

ಹೊರಡುವ ಮುಂಚೆ ಲಾಸ್ ಏಂಜಲೀಸ್ ಹತ್ತಿರದ ಡೈಮಂಡ್ ಬಾರ್ ಊರಿನಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಹಿಂದಿನ ಗುಡ್ಡದ ಪಾರ್ಕಿನಲ್ಲಿ ಹಾರಿಸಿ ಅಭ್ಯಾಸ ಮಾಡಿದೆ. ಊಟಕ್ಕೆ ಕೂತಾಗ, ಯುರೋಪಿನಲ್ಲಿ ಇದಕ್ಕೆ ರಿಜಿಸ್ಟರ್ ಮಾಡಿಸಬೇಕು ಎಂದೆ. ಚಿಕ್ಕಪ್ಪ ನಕ್ಕ.

"ಗುಂಗಾಡದಷ್ಟು ಸಣ್ಣದದ ಅದು. ಇನ್ನೂರಾ ಐವತ್ತು ಗ್ರಾಂ ಕೆಳಗಿದ್ರ ಏನೂ ಬೇಕಾಗಂಗಿಲ್ಲ. ನಂದೂ ಒಂದು ಅದ, ನನಗ ಗೊತ್ತು."

"ಅದು ಇಲ್ಲಿ, ಚಿಕ್ಕಪ್ಪ. ಮಜಕ್ಕೆ ಹಾರಿಸೋರಿಗೆ. ಅಲ್ಲಿ ಗ್ರಾಂ ಕಮ್ಮಿ ಇದ್ರೂ ಕ್ಯಾಮೆರಾ ಇದ್ರೆ ರಿಜಿಸ್ಟರ್ ಮಾಡಿಸ್ಲೇಬೇಕು."

"ನಾಳೆ ಗಾಳಿಪಟಕ್ಕೂ ಲೈಸೆನ್ಸ್ ಕೇಳ್ತಾರ ಬಿಡು."

"ಗಾಳಿಪಟ ನಿಮ್ಮ ಬಾತ್‌ರೂಮ್ ಕಿಟಕಿ ಫೋಟೋ ತೆಗೆಯಲ್ಲ."

ಚಿಕ್ಕಮ್ಮ ನಗು ತಡೆಯಲಾರದೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಚಿಕ್ಕಪ್ಪ ಅಪ್ಪನ ಕಡೆ ತಿರುಗಿ, "ಅಣ್ಣಾ, ಈಕಿನ್ನ ವಕೀಲಿಕಿ ಓದಸಬೇಕಾಗಿತ್ತು," ಎಂದ. ಫೋನಿನಲ್ಲಿ ನಿಯಮ ತೆಗೆದು ಅವನ ತಟ್ಟೆಯ ಪಕ್ಕ ಇಟ್ಟೆ. ಓದಿ, ಫೋನನ್ನು ನನ್ನ ಕಡೆಗೇ ಸರಿಸಿದ. ಗೆದ್ದ ಬಿಸಿಯಲ್ಲೇ, ಆ ಊಟದ ಮೇಜಿನ ಮೇಲೆಯೇ, ಲ್ಯಾಪ್‌ಟಾಪ್ ಬಿಚ್ಚಿದೆ.

ಯುರೋಪಿನ ಹೊರಗಿನವರು ಮೊದಲು ಯಾವ ದೇಶದಲ್ಲಿ ಹಾರಿಸುತ್ತಾರೋ ಆ ದೇಶದ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. ಒಂದು ಕಡೆ ಆದರೆ ಒಕ್ಕೂಟದ ಎಲ್ಲ ದೇಶಗಳಿಗೂ ಆಯಿತು. ನೋಂದಣಿ ಯಂತ್ರಕ್ಕಲ್ಲ, ಮನುಷ್ಯನಿಗೆ. ಆ ಮನುಷ್ಯನ ಹೆಸರು ಆಪರೇಟರ್. ಕಡ್ಡಿ ಹಿಡಿದು ಹಾರಿಸುವವನು ಬೇರೆಯವನೂ ಇರಬಹುದು, ಅವನು ಪೈಲಟ್. ಯಾರ ಜವಾಬ್ದಾರಿಯಲ್ಲಿ ಅದು ಹಾರುತ್ತದೋ ಅವನು ಆಪರೇಟರ್. ಇದನ್ನೆಲ್ಲ ನಾನು ಎರಡು ಸಲ ಓದಿದ್ದೆ. ಓದದೆ ಮಾಡಿದೆ ಎನ್ನುವ ಸೌಲಭ್ಯ ನನಗಿಲ್ಲ.

ಪಾಸ್‌ಪೋರ್ಟಿನ ಪ್ರತಿ ಕೇಳಿತು. ನನ್ನದು ಕಾರ್ಮೆಲ್ ವ್ಯಾಲಿಯ ಮನೆಯಲ್ಲಿತ್ತು. ಅಪ್ಪನದು ಅವನ ಫೋನಿನಲ್ಲೇ ಸಿದ್ಧವಾಗಿತ್ತು. ಪ್ರೈಮರಿ ಆದವನು ಕಾಗದ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

"ಅಪ್ಪಂದೇ ಹಾಕು," ಎಂದಳು ಅಮ್ಮ. "ಯಾವಾಗ್ಲೂ ಹಾಗೇ ತಾನೆ."

"ಹಾರಸಾಕಿ ನೀನು. ನನ್ನ ಹೆಸರ ಯಾಕ?" ಎಂದ ಅಪ್ಪ.

"ಆಪರೇಟರ್ ಅಂದ್ರೆ ಹಾರಿಸೋರು ಅಲ್ಲಪ್ಪ. ನಮ್ಮ ಮನೇಲಿ ಎಲ್ಲದಕ್ಕೂ ಆಪರೇಟರ್ ನೀನೇ. ಬರೀ ಫಾರ್ಮಾಲಿಟಿ."

ಎಲ್ಲರೂ ನಕ್ಕರು. ನಗು ಬಂದ ಮೇಲೆ ವಾದ ಮುಗಿದ ಹಾಗೆ, ಇದೂ ಡಿಬೇಟಿನಲ್ಲಿ ಕಲಿತದ್ದು. ಆದರೆ ಆ ಕಾಲಂನ ಮುಂದೆ ಕರ್ಸರ್ ಮಿನುಗುತ್ತಿದ್ದಾಗ ಇನ್ನೊಂದು ಯೋಚನೆ ಬಂದು ಹೋಗಿತ್ತು: ನನ್ನ ಪೌರತ್ವದ ಅರ್ಜಿ ನಡೆಯುತ್ತಿದೆ, ಪರದೇಶದಲ್ಲಿ ನನ್ನ ಹೆಸರಿನಲ್ಲಿ ಯಾಕೆ ಒಂದು ದಾಖಲೆ? ಅಪ್ಪನ ಅರ್ಜಿಯೂ ನಡೆಯುತ್ತಿದೆ ಎನ್ನುವುದು ಆ ಯೋಚನೆಯಲ್ಲಿ ಇರಲಿಲ್ಲ. ಅಷ್ಟೇ ನಡೆದದ್ದು. ಅಮ್ಮನ ಮಾತಾಗಲಿ, ಮನೆಯಲ್ಲಿ ಬಿಟ್ಟ ಪಾಸ್‌ಪೋರ್ಟ್ ಆಗಲಿ, ನನಗೆ ಸಿಕ್ಕ ಸಾಕ್ಷಿಗಳು ಮಾತ್ರ.

ನಂಬರ್ ಬಂತು. ಅದನ್ನು ಡ್ರೋನಿನ ಮೈಗೆ ಅಂಟಿಸಬೇಕು, ಆದರೆ ಕೊನೆಯ ಮೂರು ಅಕ್ಷರ ಗುಟ್ಟು, ಅವನ್ನು ಹೊರಗೆ ಬರೆಯಬಾರದು. ಈ ಏರ್ಪಾಡು ಟೆಲಿಕಾಂ ಎಂಜಿನಿಯರ್ ಅಪ್ಪನಿಗೆ ಬಹಳ ಹಿಡಿಸಿತು. ಆ ಮೂರನ್ನು ಡೈರಿಯಲ್ಲಿ ಬರೆದಿಟ್ಟು, ಉಳಿದದ್ದನ್ನು ತಾನೇ ಲೇಬಲ್ ಮಾಡಿ, ಬ್ಯಾಟರಿಯ ಪಕ್ಕ ನೇರವಾಗಿ ಅಂಟಿಸಿದ.

ದೇಶದ ಹೆಸರು ಬೇಡ, ತಪ್ಪು ಅವರದಲ್ಲ. ಸಮುದ್ರದ ಪಕ್ಕದ ಒಂದು ಕೋಟೆ. ನಕ್ಷೆಯಲ್ಲಿ ಬಂದರಿನ ಮೇಲೆ ಹಾರಿಸಬಾರದ ಜಾಗ ಕೆಂಪಾಗಿ ಕಾಣುತ್ತಿತ್ತು. "ಕೆಂಪು ಅದಲ್ಲ?" ಎಂದ ಅಪ್ಪ. ಕೆಂಪು ನೀರಿನ ಮೇಲಿದೆ, ನಾವು ನಿಂತಿರುವುದು ಗೋಡೆಯ ಮೇಲೆ, ನಿಯಮ ಡ್ರೋನ್ ಇರುವ ಜಾಗಕ್ಕೆ, ಅದು ಗೋಡೆಯ ಈಚೆಗೇ ಇರುತ್ತದೆ ಎಂದು ವಾದಿಸಿದೆ. ಇರಲಿಲ್ಲ. ಗಾಳಿ ಆಚೆಗೆ ತಳ್ಳಿತು. ಇಳಿಸುವಷ್ಟರಲ್ಲಿ ಇಬ್ಬರು ಪೊಲೀಸರು ಬಂದರು.

ಒಬ್ಬ ಡ್ರೋನ್ ತಿರುವಿ ನಂಬರ್ ನೋಡಿದ. ನಾನು ಮಾತು ಶುರು ಮಾಡಿದೆ: ಗಾಳಿ, ಗೋಡೆ, ನಕ್ಷೆಯ ಗೆರೆ, ಹಾರಿಸಿದ್ದು ನಾನು. ಅವನು ಸೌಜನ್ಯದಿಂದ ಕೊನೆಯವರೆಗೂ ಕೇಳಿದ. ಆಮೇಲೆ ಲೇಬಲ್ಲಿನ ಮೇಲೆ ಬೆರಳಿಟ್ಟು, ಆಪರೇಟರ್ ಯಾರು ಎಂದ. ಅಪ್ಪ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ. ಅವನ ಪಾಸ್‌ಪೋರ್ಟ್ ನೋಡಿ, ಅವನ ಹೆಸರಿನಲ್ಲಿ ಒಂದು ಚೀಟಿ ಬರೆದರು. ದಂಡ ಸಣ್ಣದು, ಅಲ್ಲೇ ಕಟ್ಟಿದೆವು. ಅಮೆರಿಕದಲ್ಲಿ ಒಂದು ಪಾರ್ಕಿಂಗ್ ಟಿಕೆಟ್ಟೂ ಬಾರದಂತೆ ಬದುಕಿದವನ ಕೈಯಲ್ಲಿ ಆ ಚೀಟಿ. ಅದನ್ನು ನಾಲ್ಕು ಮಡಿಕೆ ಮಾಡಿ ಕಾಗದದ ಫೈಲಿನಲ್ಲಿಟ್ಟ.

ಮುಂದಿನ ವರ್ಷದ ಆರಂಭದಲ್ಲಿ ಸಂದರ್ಶನಗಳು ಬಂದವು. ಮೊದಲು ಅಮ್ಮನದು, ವಾರದ ನಂತರ ನನ್ನದು, ಕೊನೆಗೆ ಅಪ್ಪನದು. ಅರ್ಜಿಯಲ್ಲಿದ್ದ ಪ್ರಶ್ನೆಗಳನ್ನೇ ಅಧಿಕಾರಿ ಮತ್ತೆ ಕೇಳುತ್ತಾರೆ. ಜಗತ್ತಿನ ಎಲ್ಲಿಯಾದರೂ ಪೊಲೀಸರು ನಿಮ್ಮನ್ನು ಬಂಧಿಸಿದ್ದು, ವಶಕ್ಕೆ ಪಡೆದದ್ದು, ದಂಡದ ಚೀಟಿ ಕೊಟ್ಟದ್ದು ಉಂಟೇ ಎನ್ನುವುದು ಅವುಗಳಲ್ಲೊಂದು. ನಾನು ಇಲ್ಲ ಎಂದೆ. ನಿಜ, ಇರಲಿಲ್ಲ. ಹತ್ತು ನಿಮಿಷದಲ್ಲಿ ಹೊರಗೆ ಬಂದೆ.

ಅಪ್ಪನ ಸಂದರ್ಶನದ ಹಿಂದಿನ ಸಂಜೆ ಅವನೆದುರು ನಾಲ್ಕು ವಾದ ಇಟ್ಟೆ. ಅದು ಆಡಳಿತದ ದಂಡ, ಅಪರಾಧವಲ್ಲ. ಅರ್ಜಿ ಹಾಕಿದಾಗ ಇಲ್ಲ ಎಂದು ಬರೆದದ್ದು ಆಗ ಸತ್ಯವೇ. ಇಲ್ಲಿನವರಿಗೆ ಅದು ತಿಳಿಯುವ ದಾರಿಯಿಲ್ಲ. ನಾಲ್ಕನೆಯದು, ಅಸಲಿಗೆ ತಪ್ಪು ಮಾಡಿದ್ದು ನೀನಲ್ಲ, ನಾನು.

"ಪ್ರಶ್ನಿ ಓದು," ಎಂದ.

ಓದಿದೆ.

"ಚೀಟಿ ಯಾರ ಹೆಸರಿಲೆ ಅದ?"

"ನಿನ್ನ ಹೆಸರಲ್ಲಿ. ಆದ್ರೆ—"

"ಮತ್ತ ನನಗ ಕೇಳ್ತಾರ, ನಾ ಹೇಳ್ತೀನಿ. ನಿನಗ ಕೇಳಿದ್ರು, ನೀ ಹೇಳಿ ಬಂದಿ."

"ಹೇಳ್ಬೇಡ ಅಂತಿಲ್ಲ ಅವಳು. ಬೇರೆ ತರ ಹೇಳು ಅಂತಿದ್ದಾಳೆ," ಎಂದಳು ಅಮ್ಮ.

"ಬ್ಯಾರೆ ತರ ಹೇಳೂದು ಈಕಿ ಶಾಲಿಯೊಳಗ ಕಲತಾಳ. ನಾ ಕಲತಿಲ್ಲ."

ಫೋನಿನಲ್ಲಿ ಚಿಕ್ಕಪ್ಪ ಇನ್ನೂ ನೇರವಾಗಿ ಹೇಳಿದ: "ಅವತ್ತ ನನ್ನ ಮಾತು ಕೇಳಿ ರಿಜಿಸ್ಟರ್ ಮಾಡದ ಬಿಟ್ಟಿದ್ರ ಹೆಸರ ಬರ್ತಿರಲಿಲ್ಲ." ತಪ್ಪು ವಾದ. ರಿಜಿಸ್ಟರ್ ಆಗದ ಡ್ರೋನ್ ಸಿಕ್ಕಿದ್ದರೆ ದಂಡ ಇನ್ನೂ ದೊಡ್ಡದಾಗುತ್ತಿತ್ತು. ಅದನ್ನು ಅವನಿಗೆ ಸಾಬೀತು ಮಾಡಿ ತೋರಿಸುವ ಚಪಲ ಆಗಲೂ ಬಂತು. ಹೇಳಲಿಲ್ಲ.

ಮರುದಿನ ಕಟ್ಟಡದ ಹೊರಗೆ ಕಾರಿನಲ್ಲಿ ಕಾದೆ. ಅಪ್ಪ ಹೊರಗೆ ಬರಲು ಮುಕ್ಕಾಲು ಗಂಟೆ. ಪೌರತ್ವ ಪರೀಕ್ಷೆಯ ಚರಿತ್ರೆಯ ಪ್ರಶ್ನೆಗಳಿಗೆಲ್ಲ ಸರಿ ಉತ್ತರ. ಚೀಟಿಯ ವಿಷಯ ಹೇಳಿ, ಅದನ್ನೇ ಬಿಚ್ಚಿ ಮೇಜಿನ ಮೇಲಿಟ್ಟನಂತೆ. ಚೀಟಿಯ ಭಾಷೆ ಅಧಿಕಾರಿಗೆ ಬರುವುದಿಲ್ಲ. ಅಧಿಕೃತ ಪ್ರತಿ ಬೇಕು, ಪ್ರಮಾಣೀಕರಿಸಿದ ಅನುವಾದ ಬೇಕು, ಪ್ರಕರಣ ಮುಗಿದಿದೆ ಎಂದು ಅಲ್ಲಿಯ ಪೊಲೀಸರಿಂದ ಪತ್ರ ಬೇಕು.

"ಹಾರಿಸಿದ್ದು ನಾನು ಅಂತ ಹೇಳಿದ್ಯಾ?"

"ಅದನ್ನ ಯಾರೂ ಕೇಳಲಿಲ್ಲ," ಎಂದು ಸೀಟ್ ಬೆಲ್ಟ್ ಹಾಕಿಕೊಂಡ.

ಅಲ್ಲಿಂದ ನಾನು ಪತ್ರ ಬರೆಯತೊಡಗಿದೆ. ಪತ್ರ ಬರೆಯುವುದೇ ನನ್ನ ಕಸುಬು. ಆ ಊರಿನ ಕಚೇರಿಗೆ ಆರು ಇಮೇಲ್, ಎರಡು ರಿಜಿಸ್ಟರ್ಡ್ ಅಂಚೆ. ಅಲ್ಲಿ ರಜೆ, ನಂತರ ಬೇರೆ ವಿಭಾಗ, ನಂತರ ಆಪರೇಟರ್ ಸ್ವತಃ ಸಹಿ ಮಾಡಿದ ಅರ್ಜಿ ಬೇಕೆಂಬ ಉತ್ತರ. ಅಪ್ಪ ಸಹಿ ಮಾಡಿದ. ಏಪ್ರಿಲಿನಲ್ಲಿ ಅಮ್ಮನೂ ನಾನೂ ಪ್ರಮಾಣವಚನ ತೆಗೆದುಕೊಂಡೆವು. ನಮ್ಮ ಫೋಟೋ ತೆಗೆದವನು ಅಪ್ಪ. ನಮ್ಮ ಅರ್ಜಿಗಳ ಇತಿಹಾಸದಲ್ಲಿ ಮೊದಲ ಸಲ ಕೆಳಗಿನ ಎರಡು ಸಾಲು ಮುಂದೆ ಹೋಗಿ, ಮೊದಲ ಸಾಲು ಹಿಂದೆ ಉಳಿಯಿತು. ಅಲ್ಲಿಯ ಪೊಲೀಸರ ಪತ್ರ ಬಂದದ್ದು ಅಕ್ಟೋಬರಿನಲ್ಲಿ. ಅದನ್ನು ಅನುವಾದ ಮಾಡಿಸಿ ಕಳಿಸುವಷ್ಟರಲ್ಲಿ, ಚುನಾವಣೆಗೆ ಮುಂಚೆ ಅಪ್ಪನ ಪ್ರಮಾಣವಚನ ಆಗುವ ಸಾಧ್ಯತೆ ಮುಗಿದಿತ್ತು.

ಆ ಹೊತ್ತಿಗೆ ಮನೆಗೆ ಅಮ್ಮನದೂ ನನ್ನದೂ ಎರಡು ಮತಪತ್ರಗಳು ಅಂಚೆಯಲ್ಲಿ ಬಂದಿದ್ದವು, ಜೊತೆಗೆ ದಪ್ಪನೆಯ ಮಾಹಿತಿ ಪುಸ್ತಕ. ಕ್ಯಾಲಿಫೋರ್ನಿಯಾದ ಆ ಪುಸ್ತಕದಲ್ಲಿ ಪ್ರತಿ ಪ್ರಸ್ತಾವಕ್ಕೂ ಪರ ವಾದ, ವಿರುದ್ಧ ವಾದ, ಅವುಗಳಿಗೆ ಮರುತ್ತರ ಎಲ್ಲವನ್ನೂ ಅಚ್ಚು ಹಾಕಿರುತ್ತಾರೆ. ಈ ರಾಜ್ಯದಲ್ಲಿ ನನ್ನ ಒಂದು ಮತದಿಂದ ಏನೂ ಬದಲಾಗುವುದಿಲ್ಲ ಎಂದು ಸ್ನೇಹಿತರಿಗೆ ಅಂಕಿ ಸಮೇತ ವಾದಿಸುತ್ತಿದ್ದವಳು ನಾನು. ಪುಸ್ತಕ ಬಿಚ್ಚಿಯೂ ನೋಡಿರಲಿಲ್ಲ. ಅಪ್ಪ ಪೂರ್ತಿ ಓದಿದ್ದ. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು, ಶನಿವಾರದ ಟಿಪ್ಪಣಿ ಪುಸ್ತಕದ ಅದೇ ಸಣ್ಣ ಅಕ್ಷರ.

ಭಾನುವಾರ ಬೆಳಿಗ್ಗೆ ನನ್ನ ಮತಪತ್ರವನ್ನು ಅವನ ಮುಂದೆ ಇಟ್ಟೆ.

"ಒಂದೊಂದೇ ಹೇಳಪ್ಪ. ನೀನು ಹೇಳಿದ ಹಾಗೇ ತುಂಬ್ತೀನಿ. ನಂದು ಹೇಗೂ ದಂಡ."

ಅಪ್ಪ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟ. ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ವಾದಿಸಲು ಏನಾದರೂ ಸಿಗುತ್ತಿತ್ತು.

"ಒಬ್ಬರ ಹೆಸರಿಲೆ ಇನ್ನೊಬ್ಬರು ಮಾಡಿದ್ದು ಒಂದ ಸಲ ನೋಡೇವಲ್ಲ," ಎಂದ. "ಸಾಕು. ಹೆಸರ ನಿಂದದ, ನೀನ ಓದು."

ಮತಪತ್ರವನ್ನು ನನ್ನ ಕಡೆ ತಳ್ಳಿದ. ಅದರ ಮೇಲೆ ಪುಸ್ತಕವನ್ನೂ ಇಟ್ಟ. ಸಂಜೆಯವರೆಗೆ ಕೂತು ಓದಿದೆ. ಅವನು ಎಲ್ಲೂ ಹೌದು ಅಥವಾ ಇಲ್ಲ ಎಂದು ಬರೆದಿರಲಿಲ್ಲ. ಎರಡೂ ಕಡೆಯ ಬಲ, ಎರಡೂ ಕಡೆಯ ಸುಳ್ಳು, ಅಷ್ಟೇ. ತೀರ್ಪಿನ ಜಾಗ ಎಲ್ಲ ಪುಟದಲ್ಲೂ ಖಾಲಿ. ತುಂಬುವ ಹಕ್ಕು ಸಿಕ್ಕ ಮೇಲೆ ತುಂಬೋಣ ಎಂದು ಬಿಟ್ಟಿದ್ದನೋ, ನಾನು ನೋಡುತ್ತೇನೆಂದು ಬಿಟ್ಟಿದ್ದನೋ, ಕೇಳುವ ಧೈರ್ಯ ನನಗಿರಲಿಲ್ಲ.

ಮತಪತ್ರದ ಲಕೋಟೆಯ ಹೊರಗೆ ಮತದಾರರೇ ಸಹಿ ಹಾಕಬೇಕು. ಅಮ್ಮ ಹಾಕಿದಳು, ನಾನು ಹಾಕಿದೆ. ಲೈಬ್ರರಿಯ ಮುಂದಿನ ಮತಪತ್ರದ ಡಬ್ಬಿಯವರೆಗೆ ನಡೆದೇ ಹೋಗುತ್ತೇನೆ ಎಂದರೂ ಅಪ್ಪ ಕೇಳಲಿಲ್ಲ, ಕಾರ್ ತೆಗೆದ. ಡಬ್ಬಿಯ ಪಕ್ಕ ನಿಲ್ಲಿಸಿ, ಇಂಜಿನ್ ಬಂದ್ ಮಾಡದೆ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತ. ಕಿಟಕಿಯಿಂದ ಕೈ ಚಾಚಿ ನಾನು ಮೊದಲು ಅಮ್ಮನ ಲಕೋಟೆ ಹಾಕಿದೆ.

"ಸಹಿ ಬರೋಬ್ಬರಿ ಮಾಡಿಯಿಲ್ಲೋ? ನೋಡು ಒಮ್ಮೆ," ಎಂದ.

ತಿರುಗಿಸಿ ನೋಡಿದೆ. ಸಹಿ ನನ್ನದೇ ಇತ್ತು.