ಒಳಗಿನ ಕೋಣೆ ಖಾಲಿಯಿಲ್ಲ

ಊರೆಲ್ಲ ಅವಳನ್ನು ಗೊಬ್ಬರದಕ್ಕ ಎಂದೇ ಕರೆಯುತ್ತಿತ್ತು. ಗುಡ್ಡದ ಗುಹೆಯಲ್ಲಿ ಬಾವಲಿ ಹಿಕ್ಕೆ ಗುಡಿಸಿ, ಚೀಲಕ್ಕೆ ತುಂಬಿ ತೋಟದವರಿಗೆ ಮಾರುವುದು ಅವಳ ಕಸುಬು. ಇಪ್ಪತ್ತೆಂಟು ವರ್ಷ ಆ ನಾತದಲ್ಲೇ ಬಾಳಿದವಳು. ಯಾರಾದರೂ ಮೂಗು ಮುಚ್ಚಿಕೊಂಡರೆ, ತೋಟದ ಹೂವು ಮೂಸುವಾಗ ಮಾತ್ರ ಈ ಮೂಗು ತೆರೆಯುತ್ತದೆಯೋ ಎಂದು ಛೇಡಿಸುತ್ತಿದ್ದಳು.

ಅತ್ತೆ ಹಾಕಿಕೊಟ್ಟ ಒಂದು ಕಟ್ಟಳೆಯನ್ನು ಮಾತ್ರ ಅವಳು ಎಂದೂ ಮುರಿದಿರಲಿಲ್ಲ. ಬಿಸಿಲು ಬಲಿತ ಎರಡು ತಿಂಗಳು ಗುಹೆಯೊಳಗೆ ಕಾಲಿಡಬಾರದು. ಆಗ ಹೆಬ್ಬೆರಳಿನಷ್ಟೇ ಇರುವ ಆ ಬಾವಲಿಗಳು ಎಲ್ಲೆಲ್ಲಿಂದಲೋ ಬಂದು, ಬೆಚ್ಚಗಿರುವ ಒಳಗಿನ ತಗ್ಗು ಕೋಣೆಯಲ್ಲಿ ಮರಿ ಹಾಕುತ್ತವೆ. ಬೆಳಕು ಬಿದ್ದರೆ ತಾಯಿಗಳು ಬೆಚ್ಚಿ ಹಾರುತ್ತವೆ, ಮರಿಗಳು ಉದುರುತ್ತವೆ. ಚಳಿಗಾಲಕ್ಕೆ ಒಂದೂ ಇರುವುದಿಲ್ಲ.

ಸರ್ಕಾರದ ಸರ್ವೆಯವನು ಮೊದಲು ಬಂದದ್ದು ಅಂಥ ಚಳಿಗಾಲದಲ್ಲೇ. ಮುಂದಿನ ಕೋಣೆಯಲ್ಲಿ ಟಾರ್ಚು ಆಡಿಸಿ, ಬಾವಲಿಗಳಿರುವ ಜಾಗಗಳ ನಕ್ಷೆಯಲ್ಲಿ ಈ ಗುಡ್ಡವನ್ನು ಗುರುತಿಸದೆ ಹೋಗಿದ್ದ. ಈಗ ಕಡುಬೇಸಿಗೆಯಲ್ಲಿ ಮತ್ತೆ ಬಂದು, ಗುಹೆ ಖಾಲಿಯೆಂಬ ಕಾಗದ ಮುಂದೆ ಹಿಡಿದ. ಒಳಗೆ ಹೋಗಿಬರುವವಳು ಅವಳೊಬ್ಬಳೇ, ಆದ್ದರಿಂದ ಸಾಕ್ಷಿಯ ಸಹಿ ಅವಳದೇ ಬೇಕು. ಜೊತೆಗೆ ಬಂದವನು ಅವಳ ತಮ್ಮ, ಕಲ್ಲುಕ್ವಾರಿಯ ಮೇಸ್ತ್ರಿ. ಬಾವಲಿಗಳಿದ್ದರೆ ಗುಡ್ಡ ಒಡೆಯುವಂತಿಲ್ಲ; ಸಹಿ ಬಿದ್ದರೆ ಮರುದಿನವೇ ಸಿಡಿಮದ್ದು.

ಅವಳು ಸಹಿ ಹಾಕಲಿಲ್ಲ. ಹಾಗಾದರೆ ಒಳಗಿರುವುದನ್ನು ತೋರಿಸೆಂದು ತಮ್ಮ ಟಾರ್ಚು ಹಿಡಿದು ಹೊರಟ. ಅದಕ್ಕೂ ಅಡ್ಡ ನಿಂತಳು. ಅವನ ಸಿಟ್ಟು ನೆತ್ತಿಗೇರಿತು.

"ಸಹಿನೂ ಹಾಕಲ್ಲ, ತೋರಿಸೋದೂ ಇಲ್ಲ. ನನ್ನ ಕೆಲಸ ಹೋದ್ರೆ ನಿಂಗೆ ಸಮಾಧಾನನಾ, ಅಕ್ಕಾ?"

ಎತ್ತಿ ಆಡಿಸಿದ ತಮ್ಮನ ಮಾತು ಎದೆಗೆ ಚುಚ್ಚಿತು. ಆದರೂ ಜಗ್ಗಲಿಲ್ಲ. ನಕ್ಷೆಯಿದ್ದ ಸರ್ವೆಯವನ ಚೀಲ ಕಸಿದು, ಗುಹೆಯ ಬಾಯ ಬದಿಗೆ ಹಾಕಿ, ಅದರ ಮೇಲೇ ಕುಳಿತಳು. ಸಂಜೆಗೆ ಅವೇ ಹೊರಗೆ ಬರುತ್ತವೆ, ಎಣಿಸಿಕೊಂಡು ಹೋಗಿ ಎಂದಳು. ಆಫೀಸಿನ ವೇಳೆ ಮುಗಿಯುತ್ತದೆ ಎಂದು ಸರ್ವೆಯವನು ಗೋಗರೆದ. ಅವುಗಳ ಆಫೀಸು ಶುರುವಾಗುವುದೇ ಆಮೇಲೆ ಎಂದಳು.

ಹೊತ್ತು ಮುಳುಗಿತು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಅವಳ ತಲೆ ಸವರಿಕೊಂಡು ಒಲೆಯ ಹೊಗೆಯಂತೆ ಒಂದೇ ಸಮನೆ ಹೊರಟವು. ಸರ್ವೆಯವನು ಆರುನೂರರವರೆಗೆ ಎಣಿಸಿ, ಲೆಕ್ಕ ತಪ್ಪಿ, ಬಾಯಿ ಬಿಟ್ಟುಕೊಂಡು ನಿಂತ. ಅವಳು ಎದ್ದು ಚೀಲ ಕೊಟ್ಟಳು. ಅವನು ಕಾಗದದಲ್ಲಿ ಖಾಲಿ ಎಂಬುದನ್ನು ಹೊಡೆದುಹಾಕಿ ಇವೆ ಎಂದು ಬರೆದ, ನಕ್ಷೆಯಲ್ಲೂ ಚುಕ್ಕಿಯಿಟ್ಟ. ಇನ್ನು ನನ್ನ ಮನೆ ಹೊಸ್ತಿಲು ತುಳಿಯಬೇಡ ಎಂದು ತಮ್ಮ ಗುಡ್ಡ ಇಳಿದುಹೋದ.

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳದೆಯೇ ಕೈ ಚಾಚಿದಳು.

"ಈಗ ಕೊಡಿ ಪೆನ್ನು. ಎಲ್ಲಿ ಬೇಕೋ ಅಲ್ಲಿ ಹಾಕ್ತೀನಿ ಸಹಿ."