ಅಮ್ಮನ ಎರಡನೇ ಧ್ವನಿ

ನಮ್ಮಮ್ಮನಿಗೆ ಹಾಡಲು ಬರುವುದಿಲ್ಲ ಎಂದೇ ನಾನು ನಂಬಿದ್ದೆ. ಆರ್.ಟಿ. ನಗರದ ಮನೆಯಲ್ಲಿ ಒಗ್ಗರಣೆ ಹಾಕುತ್ತಾ ಅವಳು ಗುನುಗುತ್ತಿದ್ದ ಇಂಗ್ಲಿಷ್ ಹಾಡಿಗೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಒಂದೇ ಸ್ವರದ ಮೇಲೆ ಕೂತುಬಿಡುತ್ತಿತ್ತು, ಮೇಲೇರಬೇಕಾದಲ್ಲಿ ಕೆಳಗಿಳಿಯುತ್ತಿತ್ತು. ನಾನಾಗ ಕರ್ನಾಟಕ ಸಂಗೀತ ಕಲಿಯುತ್ತಿದ್ದವಳು, ಮೈಯೆಲ್ಲ ಕೊಬ್ಬು.

"ಸಾಕಮ್ಮಾ, ಹಾಲು ಒಡೆದೋಗುತ್ತೆ" ಎನ್ನುತ್ತಿದ್ದೆ.

"ನಂದು ಎರಡನೇ ಧ್ವನಿ ಕಣೇ. ಒಂಟಿಯಾಗಿ ಹಾಡಿದ್ರೆ ಹಿಂಗೇ ಕೇಳ್ಸೋದು."

ಮದುವೆಗೆ ಮುಂಚೆ ಅಮ್ಮನೂ ಸೇರಿ ಯಶವಂತಪುರದ ಚರ್ಚಿನ ನಾಲ್ವರು ಗೆಳತಿಯರು ಇದೇ ಹಾಡನ್ನು ರೇಡಿಯೋದಲ್ಲಿ ಹಾಡಿದ್ದರಂತೆ. ಹಾಡು ಒಂದೇ, ನಾಲ್ವರದೂ ಬೇರೆ ಬೇರೆ ದಾರಿಯಂತೆ. ಎಲ್ಲರೂ ಒಂದೇ ಸ್ವರ ಹಿಡಿದು ಹಾಡುವುದನ್ನಷ್ಟೇ ಕಂಡಿದ್ದ ನನಗೆ ಇದು ಬುರುಡೆ ಅನ್ನಿಸಿತ್ತು. ಅಪ್ಪನೂ ನಗುತ್ತಿದ್ದರು. "ನಗ್ರೀ, ಒಂದಿನ ರೇಡಿಯೋದಲ್ಲಿ ಮತ್ತೆ ಹಾಕ್ತಾರೆ" ಎಂದು ಅಮ್ಮ ಕಾಯುತ್ತಲೇ ಇದ್ದಳು.

ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಶನಿವಾರ, ನಾಳೆ ಹಳೆಯ ಧ್ವನಿಮುದ್ರಣಗಳಲ್ಲಿ ಆ ಹಾಡು ಬರುತ್ತದೆಂದು ರೇಡಿಯೋದವರೇ ಹೇಳಿದರು. ಭಾನುವಾರ ಅಮ್ಮ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯವರನ್ನೂ ಕರೆದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು ರೇಡಿಯೋ ಮುಂದೆ ಕೂತಳು.

ಹಾಡು ಬಂತು. ಮೇಲಿನ ಧ್ವನಿಯೊಂದು ಸ್ಪಷ್ಟವಾಗಿತ್ತು, ಉಳಿದದ್ದೆಲ್ಲ ಕಲಸುಮೇಲೋಗರ.

"ಇದ್ರಲ್ಲಿ ನಿಮ್ದು ಆವಾಜ್ ಯಾವ್ದು?" ಎಂದರು ಖಾಲಾ.

ಅಮ್ಮ ರೇಡಿಯೋಗೆ ಕಿವಿ ಹಚ್ಚಿದಳು. ಮುಖ ಬಿಳಿಚಿಕೊಂಡಿತು. "ನಂಗೇ ಕೇಳಿಸ್ತಿಲ್ವಲ್ಲೇ..."

ಅಪ್ಪ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಚರಣ ಶುರುವಾಯಿತು. ಅಮ್ಮ ಗಟ್ಟಿಯಾಗಿ ಅದೇ ಅಡುಗೆಮನೆಯ ಸೊಟ್ಟ ರಾಗ ಎತ್ತಿದಳು. ಸೊಟ್ಟ ಎಲ್ಲಿತ್ತು? ಕೀಲಿ ಬೀಗಕ್ಕೆ ಕೂತ ಹಾಗೆ ಆ ಮೇಲಿನ ಧ್ವನಿಗೆ ಕೂತುಬಿಟ್ಟಿತು. ಚರಣದ ನಡುವೆಯೇ ಅವಳು ನಿಲ್ಲಿಸಿದಳು. ಆದರೆ ಆ ಧ್ವನಿ ನಿಲ್ಲಲಿಲ್ಲ! ಅದರ ದಾರಿ ಹಿಡಿದ ನನ್ನ ಕಿವಿಗೆ ರೇಡಿಯೋದೊಳಗಿಂದ ಈಗ ಸ್ಪಷ್ಟವಾಗಿ, ಎಳೆಯದಾಗಿ ಕೇಳಿಸುತ್ತಲೇ ಇತ್ತು. ಗಾಬರಿಯಾಗಿ ಅಮ್ಮನ ಬಾಯಿಯನ್ನೇ ನೋಡಿದೆ. ಮುಚ್ಚಿತ್ತು.

ಮರುದಿನ ಅವಳು ಗುನುಗಿದಾಗ ನಾನು ಪಕ್ಕದಲ್ಲಿ ನಿಂತು ಮೇಲಿನ ಧ್ವನಿ ಹಾಡಲು ಹೋದೆ. ಗುರುಗಳ ಹಿಂದೆ ಹೋಗಿಯೇ ಅಭ್ಯಾಸ. ಎರಡು ಸಾಲು ದಾಟುವಷ್ಟರಲ್ಲಿ ಜಾರಿ ಅಮ್ಮನ ಸ್ವರಕ್ಕೇ ಬಂದು ಸೇರಿಕೊಂಡೆ. ಅವಳು ಸೌಟಿನಿಂದ ನನ್ನ ಮೊಣಕೈಗೆ ತಟ್ಟಿದಳು.

"ನನ್ ಹಿಂದೆ ಬರ್ಬೇಡ ಕಣೇ. ನಿನ್ ದಾರೀಲಿ ನೀನ್ ಹೋಗು. ಇಷ್ಟ್ ವರ್ಷ ನನ್ ಪಕ್ಕ ಯಾರೂ ಹಾಡ್ಲಿಲ್ಲ, ಅದಕ್ಕೇ ನಾನ್ ಯಾರಿಗೂ ಕೇಳಿಸ್ಲಿಲ್ಲ."